ಕೊರಿಯಾದಿಂದ ಬಂದ ಮೂಲೆ ಹರಿದ ಲಕೋಟೆ

ಹೊಸದಾಗಿ ಪೋಸ್ಟ್‌ಮನ್ ಕೆಲಸಕ್ಕೆ ಸೇರಿದವರು ನನ್ನನ್ನು ನೋಡಲು ಬಂದಾಗ ಮೊದಲು ಕೇಳುವುದು ನಾಯಿಗಳ ವಿಷಯ. ಉತ್ತರ ಸುಲಭ. ಸೈಕಲ್ಲಿನಿಂದ ಇಳಿದು ನಿಲ್ಲಿ, ಓಡಬೇಡಿ. ಆಮೇಲೆ ಬಡ್ತಿಯ ವಿಷಯ ಕೇಳುತ್ತಾರೆ. ಅದರ ಬಗ್ಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ. ಯಾರೂ ಕೇಳದ ಪ್ರಶ್ನೆಯೊಂದಿದೆ. ಚೀಲದಲ್ಲಿರುವ ಕಾಗದವನ್ನು ಕೊಡಲು ಕೈ ಬಾರದಿದ್ದರೆ ಏನು ಮಾಡಬೇಕು? ನಾನೊಮ್ಮೆ ಒಂದು ಕಾಗದವನ್ನು ಐದು ದಿನ ಇಟ್ಟುಕೊಂಡಿದ್ದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅದು ದೊಡ್ಡದು. ಆದ್ದರಿಂದ ಅದನ್ನೇ ಬರೆಯುತ್ತೇನೆ.

1953ರಲ್ಲಿ ನಾನು ಕಾಗದ ಹಂಚುವ ಬೀಟು ರಾಜಾಜಿನಗರ. ಬಡಾವಣೆ ಎಂದು ಹೆಸರಿತ್ತು, ಬಡಾವಣೆ ಇನ್ನೂ ಇರಲಿಲ್ಲ. ರಾಗಿ ಹೊಲಗಳ ನಡುವೆ ಕೆಂಪು ಮಣ್ಣಿನ ರಸ್ತೆಗಳನ್ನು ಎಳೆದಿದ್ದರು. ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ, ಕಾರ್ಖಾನೆಯವರ ಸಾಲು ಕ್ವಾರ್ಟರ್ಸು. ರಸ್ತೆಗಳಿಗೆ ಹೆಸರಿಲ್ಲ, ಮನೆಗಳಿಗೆ ನಂಬರಿಲ್ಲ. ಸರ್ವೆಯವರು ನೆಟ್ಟ ಕಲ್ಲುಗಳ ಮೇಲಿನ ನಂಬರೇ ವಿಳಾಸ. ದನಗಳು ಮೈ ತಿಕ್ಕಿ ಆ ಕಲ್ಲುಗಳನ್ನೂ ಉರುಳಿಸುತ್ತಿದ್ದವು. ಸೇರಿದ ಮೊದಲ ತಿಂಗಳಲ್ಲೇ, ಉರುಳಿದ ಕಲ್ಲನ್ನು ನಂಬಿ ಒಬ್ಬರ ಮಗಳ ನಿಶ್ಚಿತಾರ್ಥದ ಕಾಗದವನ್ನು ಇನ್ನೊಬ್ಬರ ಮನೆಗೆ ಕೊಟ್ಟು ಬಂದಿದ್ದೆ. ಅಂದಿನಿಂದ ಕಲ್ಲನ್ನು ನಂಬುವುದು ಬಿಟ್ಟು ಒಂದು ನೋಟ್‌ಬುಕ್ಕಿನಲ್ಲಿ ನಾನೇ ನಕ್ಷೆ ಬರೆದುಕೊಂಡೆ. ನೀವೂ ಬರೆದುಕೊಳ್ಳಿ.

ನಮ್ಮ ಪೋಸ್ಟ್‌ಮಾಸ್ಟರು ರಘುನಾಥರಾಯರು. ಬೆಳಿಗ್ಗೆ ಏಳೂವರೆಗೆ ಚೀಲ ಒಡೆಯಬೇಕು, ಎಂಟೂಕಾಲಿಗೆ ಬಂದ ಕಾಗದಗಳ ಬೆನ್ನಿಗೆ ಆ ದಿನದ ಮುದ್ರೆ ಬಿದ್ದಿರಬೇಕು, ಒಂಬತ್ತಕ್ಕೆ ನಾನು ಸೈಕಲ್ ಮೇಲಿರಬೇಕು. ಕೊಡಲಾಗದ ಕಾಗದ ಸಂಜೆ ಅವರ ಮೇಜಿಗೆ ಬರಬೇಕು, ಕಾರಣವನ್ನು ಅದರ ಮೇಲೆ ಬರೆದಿರಬೇಕು. ಪ್ರತಿ ತಿರುವಿನಲ್ಲೂ ಸೈಕಲ್ ಬೆಲ್ ಹೊಡೆಯಬೇಕೆಂಬುದೂ ಅವರ ಅಪ್ಪಣೆಯೇ. "ಕಳ್ಳನ ಹಾಗೆ ಹೋಗ್ಬೇಡ. ನೀನು ಬರ್ತಿದೀಯ ಅಂತ ಜನಕ್ಕೆ ಗೊತ್ತಾಗ್ಬೇಕು" ಎನ್ನುತ್ತಿದ್ದರು.

ಬಡಾವಣೆಯ ಅಂಚಿನಲ್ಲಿ ಕೇತಮಾರನಹಳ್ಳಿ ಇತ್ತು. ಅಲ್ಲಿ ಹೊಂಗೆಮರದ ತಿರುವು ದಾಟಿದರೆ ಮುನಿಯಪ್ಪನವರ ಮನೆ. ಅವರ ಮಗ ನಂಜುಂಡ ಸೈನ್ಯದ ಆಸ್ಪತ್ರೆ ದಳದಲ್ಲಿದ್ದ. ಗಾಯಗೊಂಡವರನ್ನು ಹೊತ್ತು ತರುವುದು, ಪಟ್ಟಿ ಕಟ್ಟುವುದು ಅವನ ಕೆಲಸ. ಆ ವರ್ಷ ಶ್ರಾವಣದ ಹೊತ್ತಿಗೆ ಅವನನ್ನು ಮದರಾಸಿನಿಂದ ಹಡಗು ಹತ್ತಿಸಿ ಕೊರಿಯಾಕ್ಕೆ ಕಳಿಸಿದರು. ಅಲ್ಲಿ ಮೂರು ವರ್ಷದ ಯುದ್ಧ ಆಗಷ್ಟೇ ನಿಂತಿತ್ತು. ಎರಡೂ ಕಡೆ ಸೆರೆಸಿಕ್ಕವರಲ್ಲಿ ಸಾವಿರಾರು ಮಂದಿ ತಮ್ಮ ಊರಿಗೆ ವಾಪಸು ಹೋಗುವುದಿಲ್ಲವೆಂದು ಕೂತಿದ್ದರು. ಅವರ ಮನಸ್ಸು ನಿಜವಾಗಿ ಏನೆಂದು ಕೇಳಿ ತಿಳಿಯುವವರೆಗೆ ಅವರನ್ನು ಕಾಯಲು ಯಾವ ಪಕ್ಷಕ್ಕೂ ಸೇರದ ಸೈನ್ಯ ಬೇಕಿತ್ತು. ನಮ್ಮ ದೇಶ ಒಪ್ಪಿಕೊಂಡಿತು.

ಮನೆಯಲ್ಲಿ ಉಳಿದವರು ಮುನಿಯಪ್ಪ ಮತ್ತು ನಂಜುಂಡನ ಹೆಂಡತಿ ಗೌರಮ್ಮ. ಆಕೆ ಬಸುರಿ. ಮೊದಲನೆಯ ಮಗು ಕೆಂಗೇರಿಯಾಚೆಯ ತವರುಮನೆಯಲ್ಲಿ, ಹುಟ್ಟುವಾಗಲೇ ತೀರಿಕೊಂಡಿತ್ತು. ಹೊತ್ತಿಗೆ ಸರಿಯಾಗಿ ಹೇಳಿ ಕಳಿಸಲಿಲ್ಲವೆಂದು ಇವರು, ಬಸುರಿಯಿಂದ ಹೊಲ ಮಾಡಿಸಿದಿರೆಂದು ಅವರು ದೂರಿದರು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ.

ಮಾವ ಸೊಸೆ ಇಬ್ಬರಿಗೂ ಓದು ಬರುತ್ತಿರಲಿಲ್ಲ. ನಂಜುಂಡನ ಕಾಗದಗಳನ್ನು ಅವರ ಜಗಲಿಯಲ್ಲಿ ಕೂತು ನಾನೇ ಓದುತ್ತಿದ್ದೆ. ಮೊದಲ ಕಾಗದದಲ್ಲಿ ಅವನು ಬರೆದದ್ದು ನೆನಪಿದೆ. ಆ ದೇಶದ ದೊರೆ ಇವರು ತನ್ನ ನೆಲ ಮೆಟ್ಟಕೂಡದೆಂದು ಹಟ ಹಿಡಿದನಂತೆ. ಅದಕ್ಕೆ ಇವರನ್ನು ಹಡಗಿನಿಂದ ಎತ್ತಿ, ತಲೆಯ ಮೇಲೆ ರೆಕ್ಕೆ ತಿರುಗುವ ವಿಮಾನದಲ್ಲಿ ಹಾರಿಸಿಕೊಂಡು ಹೋಗಿ ನಡುವಿನ ಗಡಿಪಟ್ಟಿಯಲ್ಲಿ ಇಳಿಸಿದರಂತೆ.

ಗೌರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಮಾವ, ಕೇಳಿಸ್ತಾ? ನಿಮ್ಮ ಮಗ ಗರುಡನ ಮೇಲೆ ಹೋದ್ರಂತೆ."

"ಕರೆದೋರ ಮನೇಲಿ ಅಂಗಳಕ್ಕೇ ಕಾಲಿಡಬೇಡ ಅಂದ್ರೆ ಊಟಕ್ಕೇನು ಹಾಕ್ತಾರೋ" ಎಂದರು ಮುನಿಯಪ್ಪ.

ನಗು ಮುಗಿದ ಮೇಲೆ ಗೌರಮ್ಮ ಕೇಳಿದರು. "ಅಲ್ಲ ಅಣ್ಣ, ಜಗಳ ಅವರದು, ಊರು ಅವರದು. ನಮ್ಮೋರು ಯಾಕೆ ಹೋಗ್ಬೇಕು? ನಮಗೇನು ಬರತ್ತೆ?"

ವಿಚಾರಿಸಿ ಹೇಳುತ್ತೇನೆಂದೆ. ಪೋಸ್ಟ್‌ಮನ್ನಿಗೆ ಎಲ್ಲ ಗೊತ್ತಿರುತ್ತದೆಂದು ಜನ ನಂಬಿದ್ದ ಕಾಲ ಅದು.

ಮೊದಲು ರಾಯರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಾವು ಹೊಸ ದೇಶ ಕಣಯ್ಯ. ನಾಳೆ ದೊಡ್ಡೋರ ಜೊತೆ ಕೂತು ಮಾತಾಡ್ಬೇಕು ಅಂದ್ರೆ ಇವತ್ತು ಅವರ ಕೈಲಾಗದ ಕೆಲಸಾನ ಮಾಡಿ ತೋರಿಸ್ಬೇಕು. ಇಬ್ಬರೂ ಒಪ್ಪೋ ಮೂರನೆಯವನು ಲೋಕದಲ್ಲಿ ಸುಲಭಕ್ಕೆ ಸಿಕ್ತಾನಾ?"

ಕ್ವಾರ್ಟರ್ಸಿನ ಹತ್ತಿರದ ಕಾಫಿ ಹೋಟೆಲಿನಲ್ಲಿ ಅದೇ ಮಾತನ್ನು ಒಪ್ಪಿಸಿದೆ. ಅಲ್ಲಿಗೆ ಬರುತ್ತಿದ್ದ ಮಿಲ್ ಕೆಲಸಗಾರ ಬಸವರಾಜು ಲೋಟವನ್ನು ಕುಕ್ಕಿದ. "ಹೆಸರು ದಿಲ್ಲಿಯೋರಿಗೆ, ಕಲ್ಲೇಟು ನಮ್ಮ ಹುಡುಗರಿಗೆ. ಪೇಪರ್ ನೋಡಿದ್ರಾ ಸಾರ್? ಆ ಸೆರೆಯಾಳುಗಳು ತಮ್ಮನ್ನ ಕಾಯೋರ ಮೇಲೇ ಕಲ್ಲು ತೂರ್ತಾವ್ರಂತೆ."

ಗಲ್ಲಾದಲ್ಲಿದ್ದ ಹೋಟೆಲಿನ ಭಟ್ಟರು ತಲೆ ಎತ್ತಲಿಲ್ಲ. "ಹೋದ ಯುದ್ಧದಲ್ಲಿ ರೇಷನ್ ಕ್ಯೂ ನಿಂತಿದ್ದು ಮರೆತೋಯ್ತೇನಯ್ಯ? ಅಲ್ಲಿ ಮತ್ತೆ ಹತ್ಕೊಂಡ್ರೆ ಇಲ್ಲಿ ಸಕ್ಕರೆ ಸಿಗಲ್ಲ. ಅವರು ಹೋಗಿದ್ದು ನಿನ್ನ ಕಾಫಿಗೇ ಅಂದ್ಕೊ."

ಇಷ್ಟನ್ನೂ ಹೊತ್ತು ಕೇತಮಾರನಹಳ್ಳಿಗೆ ಹೋದೆ. ಮುನಿಯಪ್ಪ ಎಲ್ಲ ಕೇಳಿಸಿಕೊಂಡು ತಮ್ಮದನ್ನು ಹೇಳಿದರು. ಬದುವಿನ ಜಗಳಗಳಿಗೆ ಅಕ್ಕಪಕ್ಕದ ಊರುಗಳಿಂದ ಅವರನ್ನು ಕರೆಯುತ್ತಿದ್ದರಂತೆ. ಜಗಳದ ಎರಡೂ ಹೊಲಗಳಿಗೆ ಯಾರ ಹೊಲ ತಾಗುವುದಿಲ್ಲವೋ ಅಂಥವನನ್ನೇ ಕರೆಯುವುದು ಪದ್ಧತಿ. "ಹೋದ್ರೆ ಏನು ಸಿಗತ್ತೆ ಪೋಸ್ಟಪ್ಪ? ಅತ್ಲಾಗಿನವನೂ ಬೈತಾನೆ, ಇತ್ಲಾಗಿನವನೂ ಬೈತಾನೆ. ಜಗಲೀಲಿ ಕೂರಿಸಿ ಎಲೆಯಡಿಕೆ ಕೊಡ್ತಾರೆ, ಅದೊಂದು ಖುಷಿ ಅಂತಾನೇ ಇಟ್ಕೊಳ್ಳಿ. ಹೋಗದಿದ್ರೆ ಮಾತ್ರ ನನ್ನ ಬದೂಗೆ ನಾಳೆ ಯಾರೂ ಬರಲ್ಲ."

ಗೌರಮ್ಮನಿಗೆ ಯಾವುದೂ ಸಾಲಲಿಲ್ಲ. "ಎಲ್ಲಾ ಸರಿ. ಇವರು ಯಾಕೆ ಹೋದ್ರು ಅಂತ ಇವರೇ ಬರೀಲಿ" ಎಂದರು. ಅವರು ಹೇಳಿದಂತೆ ನಾನೇ ಅದನ್ನು ಕಾಗದದಲ್ಲಿ ಬರೆದು ಡಬ್ಬಿಗೆ ಹಾಕಿದೆ.

ಕಾರ್ತಿಕ ಕಳೆಯಿತು. ಉತ್ತರ ಬರಲಿಲ್ಲ. ಹೋಟೆಲಿನ ಪತ್ರಿಕೆಯಲ್ಲಿ ಬರುತ್ತಿದ್ದ ಸುದ್ದಿ ಚೆನ್ನಾಗಿರಲಿಲ್ಲ. ಶಿಬಿರಗಳಲ್ಲಿ ಗಲಭೆ, ಚಳಿ, ಕಾವಲಿನವರ ಮೇಲೆ ಏರಿ ಹೋದ ಸೆರೆಯಾಳುಗಳು. ನಾನು ಪತ್ರಿಕೆಯನ್ನು ಹಿಂದಿನ ಪುಟದಿಂದ ಓದಲು ಶುರು ಮಾಡಿದ್ದೆ. ಗೌರಮ್ಮನಿಗೆ ಎಂಟು ತಿಂಗಳು ತುಂಬುತ್ತಿತ್ತು. ದಿನವೂ ಹೊಂಗೆಮರದ ಹತ್ತಿರ ಬೆಲ್ ಹೊಡೆಯುತ್ತಲೇ ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ ಚೀಲದಿಂದ ಕೊರಿಯಾದ ಲಕೋಟೆ ಬಿತ್ತು. ಕೈಗೆತ್ತಿಕೊಂಡು ನೋಡಿದೆ. ಲಕೋಟೆಯ ಬಲಗಡೆಯ ಮೇಲ್ಮೂಲೆ ಹರಿದಿತ್ತು. ವಿಳಾಸ ನಂಜುಂಡನ ಕೈಬರಹವಾಗಿರಲಿಲ್ಲ.

ಹೊಸಬರಿಗೆ ಇದು ತಿಳಿಯದಿರಬಹುದು. ಸಾವಿನ ಸುದ್ದಿ ಬರೆದವರು ಕಾಗದದ ಒಂದು ಮೂಲೆಯನ್ನು ಹರಿದು ಅಂಚೆಗೆ ಹಾಕುತ್ತಿದ್ದರು. ಓದು ಬಾರದವರಿಗೂ ನೋಡಿದ ತಕ್ಷಣ ತಿಳಿಯಲಿ ಎಂದು. ಅಂಥ ಕಾಗದವನ್ನು ಹೊಸ್ತಿಲ ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ. ಅಂಗಳದಲ್ಲೇ ಓದಿಸಿ, ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಹೋಗುತ್ತಿದ್ದರು. ಅಂಥವನ್ನು ನಾನು ಎಷ್ಟೋ ಕೊಟ್ಟಿದ್ದೆ. ಕೊಟ್ಟು ತಿರುಗಿ ನೋಡದೆ ಬರುವುದು ಅಭ್ಯಾಸವಾಗಿತ್ತು. ಇದನ್ನು ಹಾಗೆ ಕೊಟ್ಟು ಬರುವಂತಿರಲಿಲ್ಲ. ಓದಿ ಹೇಳಬೇಕಾದವನು ನಾನೇ.

ಸೈನಿಕ ಸತ್ತರೆ ಸರ್ಕಾರದ ತಂತಿ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತಂತಿಗಿಂತ ಮೊದಲು ಜೊತೆಗಾರ ಬರೆದಿರಬಹುದಲ್ಲ ಎಂದೂ ಹೇಳಿಕೊಂಡೆ. ಲಕೋಟೆಯನ್ನು ಉಳಿದವುಗಳ ಜೊತೆ ಚೀಲಕ್ಕೆ ಹಾಕಲಿಲ್ಲ. ಖಾಕಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ.

"ಕಾಗದ ಇದೆಯಾ ಅಣ್ಣ?" ಎಂದರು ಗೌರಮ್ಮ. ಒಂದು ಕೈ ಬೇಲಿಯ ಮೇಲೆ, ಇನ್ನೊಂದು ಸೊಂಟದ ಮೇಲೆ.

"ಇಲ್ಲಮ್ಮ."

ಹೆರಿಗೆ ಆಗಲಿ, ಆಮೇಲೆ ಕೊಡೋಣ ಎಂಬುದು ನನ್ನ ಲೆಕ್ಕಾಚಾರ. ಸಂಜೆ ರಾಯರ ಮೇಜಿನ ಮುಂದೆ ನಿಂತಾಗ ಜೇಬಿನಲ್ಲಿ ಲಕೋಟೆ ಸರಸರ ಎಂದಂತಾಯಿತು. "ವಾಪಸು ಏನಾದ್ರೂ ಇದೆಯೇನಯ್ಯಾ ರಂಗಸ್ವಾಮಿ?" "ಇಲ್ಲ ಸ್ವಾಮಿ." ಅವರೆದುರು ನಾನು ಹೇಳಿದ ಮೊದಲ ಸುಳ್ಳು ಅದು. ಎರಡನೆಯ ದಿನ ಅದೇ. ಮೂರನೆಯ ದಿನ ಅದೇ. ಯಾರಾದರೂ ಎದೆಯ ಕಡೆ ನೋಡಿದರೆ ಕೋಟಿನ ಗುಂಡಿ ಮುಟ್ಟಿಕೊಳ್ಳುತ್ತಿದ್ದೆ. ಹರಿದ ಮೂಲೆಯಿಂದ ಒಳಗಿನ ಹಾಳೆಯ ಅಂಚು ಕಾಣುತ್ತಿತ್ತು. ಬೆರಳು ಹಾಕಿ ಎಳೆಯಬಹುದಿತ್ತು. ಎಳೆಯಲಿಲ್ಲ. ಆ ಒಂದು ನಿಯಮವನ್ನಾದರೂ ಉಳಿಸಿಕೊಂಡೆನೆಂದು ಆಗ ಹೆಮ್ಮೆಪಟ್ಟುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಗೌರಮ್ಮ ಏನೂ ಕೇಳಲಿಲ್ಲ. ಬೇಲಿಯ ಬಳಿ ನಿಂತು ನನ್ನ ಮುಖ ನೋಡಿದರು. ನಾನಾಗಿಯೇ "ಇಲ್ಲಮ್ಮ" ಎಂದು ಮುಂದೆ ಹೋದೆ.

ಐದನೆಯ ದಿನ ಬೇಲಿಯ ಬಳಿ ಯಾರೂ ಇರಲಿಲ್ಲ. ಮುನಿಯಪ್ಪ ಒಬ್ಬರೇ ಜಗಲಿಯ ಮೇಲೆ ಕೂತಿದ್ದರು.

"ಹೊರಟೋದ್ಲು ಪೋಸ್ಟಪ್ಪ, ತವರಿಗೆ. ಬೇಡ ಕಣವ್ವ ಅಂದೆ, ಕೇಳಲಿಲ್ಲ. ಕೆಂಗೇರಿ ಸಂತೆಗೆ ಹೋಗೋ ಗಾಡಿ ಹತ್ತಿದ್ಲು. ಎರಡು ದಿನದಿಂದ ಒಂದು ತುತ್ತು ತಿಂದಿಲ್ಲ. ಸೊಂಟ ನೋಯತ್ತೆ ಅಂತಿದ್ಲು." ತಮ್ಮ ಅಂಗೈ ನೋಡಿಕೊಂಡರು. "ಈ ಸಲ ಅಲ್ಲಿಗೆ ಕಳಿಸ್ಬೇಡಿ ಅಂತ ಮಗ ಹೋಗೋವಾಗ ನನ್ನ ಕೈ ಹಿಡ್ಕೊಂಡು ಹೇಳಿದ್ದ."

ಆ ದಿನದ ಉಳಿದ ಕಾಗದಗಳನ್ನು ಹೇಗೆ ಹಂಚಿದೆನೋ ಗೊತ್ತಿಲ್ಲ. ಕಚೇರಿಗೆ ಬಂದವನೇ ಲಕೋಟೆಯನ್ನು ತೆಗೆದು ರಾಯರ ಮೇಜಿನ ಮೇಲಿಟ್ಟೆ. ಐದು ದಿನದ ಕಥೆಯನ್ನು ನಿಂತೇ ಹೇಳಿದೆ.

ರಾಯರು ಕೂಗಾಡಲಿಲ್ಲ. ಲಕೋಟೆಯನ್ನು ಬೆಳಕಿಗೆ ಹಿಡಿದು ಹರಿದ ಜಾಗದ ಅಂಚನ್ನೇ ನೋಡುತ್ತಾ ಕೂತರು. ಆಮೇಲೆ, "ಇಲ್ಲಿ ಬಾ. ಇಲ್ಲೇನಿದೆ?" ಎಂದರು.

ಹರಿದ ಅಂಚಿನಲ್ಲಿ ಕಪ್ಪು ಮುದ್ರೆಯ ಅರ್ಧ ವೃತ್ತವಿತ್ತು. ಉಳಿದರ್ಧ ಹರಿದ ತುಂಡಿನ ಜೊತೆ ಹೋಗಿತ್ತು.

"ಸಾವಿನ ಕಾಗದ ಆಗಿದ್ರೆ ಮೂಲೆ ಹರಿದು ಆಮೇಲೆ ಡಬ್ಬಿಗೆ ಹಾಕ್ತಿದ್ರು. ಅಂಚೆಚೀಟಿ ಉಳಿದ ಜಾಗದಲ್ಲಿ ಅಂಟಿಸ್ತಿದ್ರು. ಮುದ್ರೆ ಅದರ ಮೇಲೆ ಪೂರ್ತಿ ಬೀಳ್ತಿತ್ತು. ಇಲ್ಲಿ ಮುದ್ರೆಯೇ ಎರಡು ಹೋಳು. ಚೀಟಿ ಎಲ್ಲಿ? ಅಂದ್ರೆ ಹರಿದದ್ದು ಯಾವಾಗ?"

"ಮುದ್ರೆ ಬಿದ್ದ ಮೇಲೆ, ದಾರಿಯಲ್ಲಿ" ಎಂದೆ.

"ಹೂಂ. ಕೊರಿಯಾದ ನಮ್ಮ ಪಡೆಗೆ ಅಂತ ಬೇರೆ ಅಕ್ಷರ ಒತ್ತಿದ ಅಂಚೆಚೀಟಿ ಕೊಟ್ಟಿದಾರೆ. ಯಾವನೋ ಚೀಟಿ ಕೂಡಿಡೋ ಹುಚ್ಚ ಅದಕ್ಕೋಸ್ಕರ ಕಿತ್ಕೊಂಡಿದಾನೆ." ಕನ್ನಡಕ ತೆಗೆದರು. "ದಿನಾ ನೂರು ಮುದ್ರೆ ಹೊಡೆಯೋನು ನೀನು. ನಿನ್ನ ಕಣ್ಣಿಗೆ ಇದು ಬೀಳ್ಲಿಲ್ವೇನಯ್ಯಾ?"

ಬಿದ್ದಿರಲಿಲ್ಲ. ಹರಿದ ಮೂಲೆ ಕಂಡ ಕೂಡಲೇ ನಾನು ಅಂಚೆಯವನಾಗಿ ಉಳಿದಿರಲಿಲ್ಲ. ಹೊಸಬರಿಗೆ ಹೇಳುವುದಿಷ್ಟೇ: ಕಾಗದ ಕೈಗೆ ಬಂದರೆ ಮೊದಲು ಮುದ್ರೆ ನೋಡಿ.

ಅದೇ ಸಮಯಕ್ಕೆ ಮುನಿಯಪ್ಪ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಬೆಳಿಗ್ಗೆ ನನ್ನ ಮುಖ ನೋಡಿ ಅನುಮಾನವಾಗಿತ್ತಂತೆ. ರಾಯರು ಎಲ್ಲವನ್ನೂ ಅವರಿಗೆ ವಿವರಿಸಿದರು. ಕಾಗದವನ್ನು ಅವರ ಕೈಗೇ ಕೊಡಲು ಹೋದಾಗ ಅವರು ಹಿಂದೆ ಸರಿದರು.

"ನಾನು ಆ ಮನೆ ಬಾಗಿಲಿಗೆ ಹೋದ್ರೆ ಜಗಳಕ್ಕೆ ಬಂದೆ ಅಂತಾರೆ. ಸೊಸೇನ ಕರ್ಕೊಂಡ್ ಹೋಗೋಕೆ ಕಟ್ಟಿದ ಕಥೆ ಅಂತಾರೆ. ಪೋಸ್ಟಪ್ಪ, ನೀವು ಅವರೋರೂ ಅಲ್ಲ, ನಮ್ಮೋರೂ ಅಲ್ಲ. ನೀವು ಹೋಗಿ, ಅವಳ ಹೆಸರಿನ ಕಾಗದ ಅವಳ ಮುಂದೇನೇ ಒಡೀರಿ."

ಆ ಊರು ನನ್ನ ಬೀಟಲ್ಲ. ನಿಯಮದಂತೆ ವಿಳಾಸ ತಿದ್ದಿ ಕೆಂಗೇರಿಗೆ ಕಳಿಸಬೇಕು. ಅದಕ್ಕೆ ಮತ್ತೆ ಎರಡು ಮೂರು ದಿನ. ರಾಯರು ಗಡಿಯಾರ ನೋಡಿದರು. "ನಾಳೆಗೆ ನಿನಗೆ ರಜೆ ಬರೀತೀನಿ. ವಾಪಸು ಬಂದು ತಪ್ಪಿಗೆ ವಿವರಣೆ ಬರ್ಕೊಡು. ಬೆಳಕು ಹರಿಯುತ್ಲೇ ಹೊರಡು" ಎಂದರು.

ಮರುದಿನ ಮೈಸೂರು ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಒಂದೇ ಯೋಚನೆ, ತಡವಾಯಿತೇ? ಎದುರಿನಿಂದ ಬರುವ ಪ್ರತಿ ಗಾಡಿಯಲ್ಲೂ ಆಕೆಯನ್ನು ಹುಡುಕಿದೆ. ಕೆಂಗೇರಿ ದಾಟಿ, ಕೆರೆಯ ಏರಿಯ ಮೇಲೆ ಹೋಗಿ, ಊರು ವಿಚಾರಿಸಿಕೊಂಡು ಮನೆ ಮುಟ್ಟುವಾಗ ಒಂಬತ್ತಾಗಿತ್ತು. ಅಂಗಳದಲ್ಲಿ ಗೌರಮ್ಮನ ತಾಯಿ ರಾಗಿ ಹಸನು ಮಾಡುತ್ತಿದ್ದರು. ನಾನು ಅವಸರದಲ್ಲಿ ಸೈಕಲ್ ನಿಲ್ಲಿಸಿ, ಲಕೋಟೆ ತೆಗೆದು ಮುಂದೆ ಹಿಡಿದೆ. ಎರಡನೆಯ ತಪ್ಪು ಅದು. ಆಕೆ ಹರಿದ ಮೂಲೆ ನೋಡಿದರು, ಖಾಕಿ ಕೋಟು ನೋಡಿದರು. ಮೊರ ಕೈಯಿಂದ ಬಿತ್ತು.

"ಒಳಗೆ ಬರಬೇಡ! ಅಲ್ಲೇ ನಿಲ್ಲು! ಅಯ್ಯೋ ನನ್ನ ಮಗಳೇ..."

"ಅಮ್ಮ, ಬದುಕಿದಾನೆ! ಹರಿದದ್ದು ಬೇರೆ ಯಾರೋ!" ಎಂದು ಕೂಗಿದೆ. ನನ್ನ ಕೂಗು ಆಕೆಯ ಅಳುವಿನಲ್ಲಿ ಮುಳುಗಿತು. ಬಾಗಿಲಲ್ಲಿ ಗೌರಮ್ಮ ಕಾಣಿಸಿಕೊಂಡರು. ಚೌಕಟ್ಟು ಹಿಡಿದು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದರು.

"ಅವ್ವ, ಸುಮ್ಮನಿರು. ಅಣ್ಣ, ಓದಿ."

ಅಂಗಳದಲ್ಲೇ ನಿಂತು ಲಕೋಟೆ ಒಡೆದೆ. ಮೊದಲ ಸಾಲನ್ನು ಎರಡು ಸಲ ಓದಿದೆ.

"ನಾನು ಚೆನ್ನಾಗಿದ್ದೇನೆ. ಚಳಿಗೆ ಬೆರಳುಗಳು ಒಡೆದು ಪಟ್ಟಿ ಕಟ್ಟಿದ್ದಾರೆ. ಅದಕ್ಕೆ ಧಾರವಾಡದ ಕಡೆಯ ಸ್ನೇಹಿತ ಬರೆಯುತ್ತಿದ್ದಾನೆ. ನಮ್ಮ ಡಾಕ್ಟರಿಗೆ ನಿನ್ನ ಮೊದಲನೆಯ ಹೆರಿಗೆಯ ವಿಷಯ ಹೇಳಿದೆ. ಈ ಸಲ ಮನೆಯಲ್ಲಿ ಬೇಡ, ಎಂಟು ತುಂಬುತ್ತಲೇ ಊರೊಳಗಿನ ಹೆರಿಗೆ ಆಸ್ಪತ್ರೆಗೆ ತೋರಿಸಲೇಬೇಕು ಎಂದರು. ತಡ ಮಾಡಬೇಡ. ನೀನು ಕೇಳಿದ್ದಕ್ಕೆ ಉತ್ತರ: ನಾನು ಯಾಕೆ ಬಂದೆನೆಂದರೆ, ಹೆಸರು ಕೂಗಿದರು, ಬಂದೆ. ಇಲ್ಲಿ ಮೊನ್ನೆ ಒಬ್ಬ ಸೆರೆಯಾಳು ತನ್ನ ಜೊತೆಯವರ ಕಣ್ಣು ತಪ್ಪಿಸಿ ಮುಳ್ಳುತಂತಿ ಹಾರಿ ನಮ್ಮ ಕಡೆ ಬಿದ್ದ. ಮೈಯೆಲ್ಲ ರಕ್ತ. ಊರಿಗೆ ಹೋಗಬೇಕು, ಮಗುವಿದೆ ಎಂದು ಸನ್ನೆ ಮಾಡಿ ತೋರಿಸಿದ. ಅದನ್ನು ಅಲ್ಲಿ ಬಾಯಿಬಿಟ್ಟಿದ್ದರೆ ಕೊಂದುಬಿಡುತ್ತಿದ್ದರಂತೆ. ನಾನು ಪಟ್ಟಿ ಕಟ್ಟುವಷ್ಟು ಹೊತ್ತೂ ನನ್ನ ತೋಳು ಬಿಡಲಿಲ್ಲ. ನಾನು ಅವನ ಕಡೆಯವನೂ ಅಲ್ಲ, ಅವನ ಶತ್ರುವಿನ ಕಡೆಯವನೂ ಅಲ್ಲ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನು ಹೆಚ್ಚಿಗೆ ನನಗೆ ತಿಳಿಯದು."

ಗೌರಮ್ಮ ಕೂತುಬಿಟ್ಟರು. ತಾಯಿ ಆಕೆಯ ಬೆನ್ನು ಸವರುತ್ತಾ ನನ್ನ ಕಡೆ ತಿರುಗಿದರು. "ಆಸ್ಪತ್ರೆ ಮಾತು ಆ ಮುದುಕ ಹೇಳಿಕೊಟ್ಟಿದ್ದಾ?"

"ಕಾಗದದಲ್ಲಿರೋದಮ್ಮ. ಇನ್ನೊಬ್ಬರ ಹತ್ತಿರ ಓದಿಸಿ ನೋಡಿ ಬೇಕಾದ್ರೆ."

ಆಕೆ ಎದ್ದು ಗಾಡಿ ಕಟ್ಟಿಸಿದರು. ಕೆಂಗೇರಿಯವರೆಗೆ ಗಾಡಿ, ಅಲ್ಲಿಂದ ಆಸ್ಪತ್ರೆಗೆ ಬಸ್ಸು. ನಾನು ಸೈಕಲ್ಲಿನಲ್ಲಿ ಹಿಂದೆ. ಮಗುವಿನ ಕಾಲು ಮುಂದಾಗಿದೆ, ಮನೆಯಲ್ಲಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಒಂಬತ್ತು ದಿನ ಅಲ್ಲೇ ಇಟ್ಟುಕೊಂಡು ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಮುನಿಯಪ್ಪನೂ ಆ ತಾಯಿಯೂ ವಾರ್ಡಿನ ಹೊರಗೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ಒಬ್ಬರಿಗೆ ಹೇಳಬೇಕಾದದ್ದನ್ನು ಇನ್ನೊಬ್ಬರು ನನಗೆ ಹೇಳುತ್ತಿದ್ದರು.

ಬೇಸಿಗೆಯಲ್ಲಿ ನಂಜುಂಡ ಊರಿಗೆ ಬಂದ. ನಾನು ಹೋದಾಗ ಅಂಗಳದಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ. ಮೂಲೆ ಹರಿದದ್ದೆಂದು ಆ ಲಕೋಟೆಯನ್ನು ಮುನಿಯಪ್ಪ ಮನೆಯೊಳಗೆ ಇಡಗೊಡದೆ ಸೂರಿನ ತೊಲೆಗೆ ಸಿಕ್ಕಿಸಿದ್ದರು. ನಂಜುಂಡ ಅದನ್ನು ತೆಗೆದು ತಿರುಗಿಸಿ ನೋಡಿದ. ಬೆನ್ನಿನ ಮೇಲೆ ನಮ್ಮ ಕಚೇರಿಯ ಮುದ್ರೆ, ತಾರೀಖಿನ ಸಮೇತ. ನಾನೇ ಹೊಡೆದದ್ದು.

"ಗೌರಿ, ಇದನ್ನ ನಿನಗೆ ಓದಿ ಹೇಳಿದ್ದು ಯಾವತ್ತು?"

"ಶನಿವಾರ. ನಾನು ಅವ್ವನ ಮನೆಗೆ ಹೋದ ಮಾರನೇ ದಿನ."

ಅವನು ಬೆರಳು ಮಡಚಿ ಎಣಿಸಿದ. ಆಮೇಲೆ ನನ್ನನ್ನು ನೋಡಿದ. ನಾನು ಮುಚ್ಚಿಡಲಿಲ್ಲ. ಮೂಲೆ ಕಂಡು ಹೆದರಿದ್ದು, ಐದು ದಿನ ಜೇಬಿನಲ್ಲಿಟ್ಟುಕೊಂಡು ಇಲ್ಲವೆಂದದ್ದು, ಎಲ್ಲ ಹೇಳಿದೆ. ಹೆರಿಗೆಯವರೆಗೆ ಕಾಪಾಡೋಣವೆಂದುಕೊಂಡೆ ಎಂದೂ ಹೇಳಿದೆ.

ಗೌರಮ್ಮ ಸೆರಗಿನಿಂದ ಮಗುವಿನ ಬಾಯಿ ಒರೆಸಿದರು.

"ನಾನು ಇಲ್ಲಿದ್ದ ಆ ನಾಲ್ಕು ದಿನಾನೂ ನೀವು ಹೊಂಗೆಮರದ ಹತ್ರ ಬೆಲ್ ಹೊಡೀಲಿಲ್ಲ ಅಣ್ಣ. ಮೊದಲ ದಿನ ಮರೆತಿರಬೇಕು ಅಂದ್ಕೊಂಡೆ. ಮೂರನೇ ದಿನಕ್ಕೆ, ಇವರು ಹೋಗಿಬಿಟ್ಟಿದಾರೆ, ನಿಮಗೆ ಗೊತ್ತು, ಹೇಳ್ತಿಲ್ಲ ಅಂತ ಅನ್ನಿಸ್ತು. ಅದಕ್ಕೇ ನಾನು ಅವ್ವನ ಹತ್ರ ಹೋಗಿದ್ದು."

ಬೆಲ್ ಹೊಡೆದಿರಲಿಲ್ಲವೆಂದು ನನಗೆ ಆ ಕ್ಷಣದವರೆಗೂ ತಿಳಿದಿರಲಿಲ್ಲ. ನಂಜುಂಡ ಮಗುವನ್ನು ನನ್ನ ಕೈಗೆ ಕೊಟ್ಟು, ಲಕೋಟೆಯನ್ನು ಹಿಡಿದು ಹೊಸ್ತಿಲು ದಾಟಿ ಒಳಗೆ ಹೋದ. ಮುನಿಯಪ್ಪ ತಡೆಯಲು ಎದ್ದವರು ಕೂತುಕೊಂಡರು.

ಮರುದಿನ ಹೊಂಗೆಮರದ ತಿರುವಿಗೆ ಬಂದಾಗ ಬೆಲ್ಲಿನ ಮೇಲೆ ಬೆರಳಿಟ್ಟು ಜೋರಾಗಿ ಹೊಡೆದೆ. ಗಂಡ ಮನೆಯಲ್ಲೇ ಇದ್ದರೂ ಗೌರಮ್ಮ ಹಿಂದಿನಂತೆ ಬೇಲಿಯ ಬಳಿ ಬಂದರು.

"ಕಾಗದ ಇದೆಯಾ ಅಣ್ಣ?"

ಚೀಲದ ಬಾಯಿ ತೆರೆದು ಅವರ ಕಡೆ ಬಗ್ಗಿಸಿದೆ.

"ಇಲ್ಲಮ್ಮ" ಎಂದೆ.